ಅಕ್ಕೋರ ಹರಳು, ನನ್ನ ನೀರು

ಅಕ್ಕೋರ ಸೀರೆಯ ಸೆರಗಿನಲ್ಲಿ ಯಾವಾಗಲೂ ಹತ್ತಿಪ್ಪತ್ತು ತೂತುಗಳಿರುತ್ತಿದ್ದವು. ಆಸಿಡ್ ಸಿಡಿದು ಆದ, ಜೋಳದ ಕಾಳಿನಷ್ಟು ತೂತುಗಳು. ಅವನ್ನು ಅವರು ಕೈಗೆ ಸಿಕ್ಕ ದಾರದಿಂದ ಹೊಲಿದುಕೊಳ್ಳುತ್ತಿದ್ದರು. ತಿಳಿ ಬಣ್ಣದ ಹತ್ತಿ ಸೀರೆಯ ಮೇಲೆ ಕೆಂಪು, ಹಸಿರು, ಕಪ್ಪು ದಾರದ ಗಂಟುಗಳು. ಗೊತ್ತಿಲ್ಲದವರು ಅದನ್ನು ಕಸೂತಿ ಎಂದುಕೊಳ್ಳುತ್ತಿದ್ದರು.

ಇದನ್ನು ಬರೆಯಬೇಕೆಂದು ಕೂತದ್ದು ಇದೇ ಮೊದಲಲ್ಲ. ಸೆರಗಿನ ತೂತಿನವರೆಗೆ ಬರೆದು, ಹಾಳೆ ಮಡಚಿ ಎದ್ದು ಹೋದದ್ದು ಎಷ್ಟು ಸಲವೋ. ಮೊದಲು ಮಗಳ ಮದುವೆಯಾಗಲಿ ಎಂದೆ. ಆಮೇಲೆ ನಿವೃತ್ತಿಯಾಗಲಿ ಎಂದೆ. ಆಮೇಲೆ ಕಣ್ಣಿನ ಆಪರೇಶನ್ ಆಗಲಿ ಎಂದೆ. ಎಲ್ಲ ಆಯಿತು. ಇವತ್ತು ಬೆಳಿಗ್ಗೆಯಿಂದಲೂ ಮೂರು ಸಲ ಎದ್ದು ಅಂಗಳಕ್ಕೆ ಹೋಗಿ ಬಂದಿದ್ದೇನೆ. ನನ್ನ ಹೆಂಡತಿ ನೋಡಿ ನೋಡಿ ಕೇಳಿದಳು: “ಕುರ್ಚಿ ಮ್ಯಾಲ ಇರಬಿ ಅದಾವೇನ್ರಿ? ಒಂದ ಕಡೆ ಕುಂಡರಾಕ ಆಗವಲ್ದು ನಿಮಗ.”

ಇರುವೆ ಕುರ್ಚಿಯ ಮೇಲಿಲ್ಲ.

ನಾನು ಓದಿದ್ದು ಎಸ್ಸೆಸ್ಸೆಲ್ಸಿವರೆಗೆ. ಎಂಬತ್ತರ ದಶಕದಲ್ಲಿ ಅಥಣಿ ಕಡೆಯ ಒಂದು ಕಾಲೇಜಿನ ರಸಾಯನಶಾಸ್ತ್ರದ ಲ್ಯಾಬಿನಲ್ಲಿ ಅಟೆಂಡರ್ ಆಗಿದ್ದೆ. ಕಾಲೇಜಿನ ಹೆಸರು ಬೇಡ, ತಪ್ಪು ಕಾಲೇಜಿನದಲ್ಲ. ಅಕ್ಕೋರು ಅಲ್ಲಿ ಉಪನ್ಯಾಸಕಿ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ನನಗೆ ಮಾತ್ರ ಪಾಠ ಹೇಳುವ ಹೆಂಗಸು ಎಂದರೆ ಅಕ್ಕೋರು. ಕನ್ನಡ ಸಾಲಿಯಿಂದ ಬಂದ ರೂಢಿ. ವಯಸ್ಸಿನಲ್ಲಿ ಅವರು ನನಗಿಂತ ಎರಡು ವರ್ಷ ಚಿಕ್ಕವರು. ನನ್ನನ್ನು ಅಣ್ಣಾ ಎಂದು ಕರೆಯುತ್ತಿದ್ದರು. ಅವರ ಊರು ಶೇಡಬಾಳ. ಮದುವೆಯಾಗಿರಲಿಲ್ಲ. ವಾರವೆಲ್ಲ ಇಲ್ಲಿ ಬಾಡಿಗೆ ಕೋಣೆಯಲ್ಲಿದ್ದು, ಶನಿವಾರ ಕಾಗವಾಡದ ಬಸ್ಸು ಹತ್ತಿ ಅಣ್ಣ ಅತ್ತಿಗೆಯ ಮನೆಗೆ ಹೋಗುತ್ತಿದ್ದರು.

ಅವರೂ ಬಸದಿಗೆ ಹೋಗುವವರು, ನಾನೂ ಹೋಗುವವನು. ಹೊತ್ತು ಮುಳುಗುವ ಮೊದಲು ಊಟ ಮುಗಿಸಬೇಕು, ನೀರನ್ನು ಗಾಳಿಸದೆ ಕುಡಿಯಬಾರದು. ಗಾಳಿಸುವುದೆಂದರೆ ಎರಡು ಪದರಿನ ಬಿಳಿ ಬಟ್ಟೆಯಲ್ಲಿ ಸೋಸುವುದು. ಅಕ್ಕೋರ ಕೋಣೆಯ ನಳಕ್ಕೆ ಸದಾ ಒಂದು ಬಟ್ಟೆ ಕಟ್ಟಿರುತ್ತಿತ್ತು. ನಮ್ಮ ದಶಲಕ್ಷಣ ಪರ್ವ ಮುಗಿದ ಮೇಲೆ ಬರುವ ಕ್ಷಮಾವಣಿಯ ದಿನ ಅವರು ಲ್ಯಾಬಿಗೆ ಬಂದವರೇ ಮೊದಲು ನನ್ನ ಸ್ಟೂಲಿನ ಮುಂದೆ ನಿಂತು ಕೈ ಮುಗಿಯುತ್ತಿದ್ದರು. “ತಿಳದೊ ತಿಳೀಲಾರದೊ ನಿಮ್ಮ ಮನಸ್ಸಿಗೆ ನೋವ ಮಾಡಿದ್ರ ಕ್ಷಮಾ ಮಾಡ್ರಿ, ಅಣ್ಣಾ.” ನಾನೂ ಎದ್ದು ಕೈ ಮುಗಿದು ಅದೇ ಮಾತನ್ನು ಹೇಳುತ್ತಿದ್ದೆ. ಆ ದಿನ ಎಲ್ಲರೂ ಎಲ್ಲರಿಗೂ ಹೇಳುವ ಮಾತು ಅದು. ಪ್ರಿನ್ಸಿಪಾಲರು ಒಮ್ಮೆ ನಕ್ಕರು: “ಮೇಡಂ, ಅವಂಗ್ಯಾಕ ಕೈ ಮುಗೀತೀರಿ? ವರ್ಷಾಪೂರ್ತಿ ನಿಮ್ಮ ಬೀಕರ ಒಡದಾಂವ ಅಂವ.” ಅಕ್ಕೋರು ಅಂದರು, “ಒಡದ ಬೀಕರ ಕಣ್ಣಿಗೆ ಕಾಣತಾವ್ರಿ ಸರ್. ಕಾಣಲಾರದ್ದಕ್ಕ ಇದು.”

ಕಾಣಲಾರದ್ದು. ಆ ಮಾತು ಆಗ ನನ್ನ ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಒಂದು ವರ್ಷ ಅವರು ಬಿ.ಎಸ್ಸಿ. ಹುಡುಗರನ್ನು ಕೃಷ್ಣಾ ದಂಡೆಯ ಒಂದು ಸಕ್ಕರೆ ಕಾರ್ಖಾನೆಗೆ ಕರೆದುಕೊಂಡು ಹೋದರು. ಸಾಮಾನು ಹೊರಲು ನಾನೂ ಹೋಗಿದ್ದೆ. ಸಕ್ಕರೆ ತೆಗೆದ ಮೇಲೆ ಉಳಿಯುವ ಕಾಕಂಬಿಯನ್ನು ಅಲ್ಲಿ ದೊಡ್ಡ ತೊಟ್ಟಿಗಳಲ್ಲಿ ಹುಳಿ ಬರಿಸಿ ಸ್ಪಿರಿಟ್ ತೆಗೆಯುತ್ತಿದ್ದರು. ಬರಿದಾದ ಒಂದು ತೊಟ್ಟಿಯನ್ನು ತೊಳೆಯಲು ಇಳಿಯುವ ಮೊದಲು ಕೆಲಸಗಾರನೊಬ್ಬ ಹಗ್ಗಕ್ಕೆ ಕಟ್ಟಿದ ಕಂದೀಲನ್ನು ಒಳಗೆ ಇಳಿಬಿಟ್ಟ. ಅರ್ಧಕ್ಕೆ ಹೋಗುವಷ್ಟರಲ್ಲಿ ದೀಪ ಆರಿತು. “ಇನ್ನ ಗ್ಯಾಸ ಐತ್ರಿ. ಈಗ ಇಳದ್ರ ಮ್ಯಾಲ ಬರಂಗಿಲ್ಲ,” ಎಂದ.

ಅಕ್ಕೋರು ಅಲ್ಲೇ ಪಾಠ ಶುರು ಮಾಡಿದರು. ಆ ಗ್ಯಾಸು ಇಂಗಾಲದ ಡೈಆಕ್ಸೈಡ್. ಉರಿದದ್ದೆಲ್ಲ ಕೊನೆಗೆ ಅದೇ ಆಗುವುದು. “ನಿಪ್ಪಾಣಿ ಬೀಡಿ ಹೊಗಿಯೊಳಗ, ಈ ಕಾರ್ಖಾನಿ ಚಿಮಣಿಯೊಳಗ, ನಿಮ್ಮ ಉಸುರಿನ್ಯಾಗ ಎಲ್ಲಾ ಕಡೆ ಐತಿ. ಆದ್ರ ಇದು ಉಂಡ ಮಲಗಿದ ಅಳಿಯ ಇದ್ದಂಗ. ಹೊಟ್ಟಿ ತುಂಬೇತಿ, ಇನ್ನ ಯಾರ ಜೋಡಿನೂ ಕೂಡಂಗಿಲ್ಲ. ಅತ್ತಿ ಕರದರೂ ಏಳಂಗಿಲ್ಲ, ಮಾವ ಕರದರೂ ಏಳಂಗಿಲ್ಲ.”

ಒಬ್ಬ ಚುರುಕು ಹುಡುಗ ಕೇಳಿದ, “ಮತ್ತ ಯಾರು ಎಬ್ಬಸ್ತಾರ್ರಿ ಮೇಡಂ?”

“ನಾದಿನಿ!” ಎಂದರು ಅಕ್ಕೋರು. ಹುಡುಗರು ಹೋ ಎಂದು ನಕ್ಕರು. “ನಗಬ್ಯಾಡ್ರಿ. ಸತು ಅನ್ನೂ ಲೋಹ ಐತಲ್ಲ, ಅದ ನಾದಿನಿ. ತಾ ಏನ ಕೊಡಂಗಿಲ್ಲ, ಏನ ತಗೊಳ್ಳಂಗಿಲ್ಲ. ಅಂಗಾಲಿಗೆ ಕಚಗುಳಿ ಇಟ್ಟ ಎಬ್ಬಿಸಿ, ತಾ ಮತ್ತ ಮೊದಲಿನಂಗ ಬಾಜೂಕ ನಿಂತಿರತಾಳ. ಅಳಿಯ ಎದ್ದ ಅಂದ್ರ ಕೆಲಸಕ್ಕ ಹಚ್ಚಬಹುದು. ಕಬ್ಬಿನಿಂದ ಬೆಲ್ಲ ಮಾಡೂ ಮಂದಿ ನಾವು. ಈ ಗಾಳಿನ ಕಬ್ಬಿನಂಗ ಕಚ್ಚಾಮಾಲ ಅಂತ ತಿಳದ್ರ ಔಷಧ, ಬಣ್ಣ, ಪ್ಲಾಸ್ಟಿಕ್ ಯಾಕ ಮಾಡಬಾರದು?”

ಅದೇ ಅವರ ಪಿಎಚ್.ಡಿ. ವಿಷಯವಾಗಿತ್ತು. ವಿಶ್ವವಿದ್ಯಾಲಯದಲ್ಲಿ ಅವರಿಗೊಬ್ಬ ಗೈಡ್ ಇದ್ದರು. ಪ್ರಯೋಗ ಮಾತ್ರ ನಮ್ಮ ಲ್ಯಾಬಿನ ಹಿಂದಿನ ಕೋಣೆಯಲ್ಲಿ. ಸಾಂಗಲಿಯ ಒಂದು ಲೇಥ್ ಅಂಗಡಿಯಲ್ಲಿ ಮಾಡಿಸಿದ ದಪ್ಪ ಉಕ್ಕಿನ ಪಾತ್ರೆ, ಎಂಟು ಬೋಲ್ಟಿನ ಮುಚ್ಚಳ. ನಾವಿಬ್ಬರೂ ಅದಕ್ಕೆ ಗಡಿಗೆ ಎನ್ನುತ್ತಿದ್ದೆವು. ಮುಂಬೈಯಿಂದ ತರಿಸಿದ ಸ್ಟೈರೀನ್ ಆಕ್ಸೈಡ್ ಎಂಬ ದ್ರವವನ್ನು ಅದರಲ್ಲಿ ಹಾಕಿ, ಸತುವಿನ ಪುಡಿ ಬೆರೆಸಿ, ಸೋಡಾ ಅಂಗಡಿಯವರಿಗೆ ಮಿರಜದಿಂದ ಬರುತ್ತಿದ್ದ ಸಿಲಿಂಡರಿನಿಂದ ಅದೇ ಇಂಗಾಲದ ಗ್ಯಾಸು ತುಂಬಿ, ಬೋಲ್ಟು ಬಿಗಿದು, ಬಿಸಿ ಎಣ್ಣೆಯಲ್ಲಿ ದಿನವಿಡೀ ಇಡಬೇಕು. ಸುತ್ತ ಉಸುಕಿನ ಚೀಲಗಳ ಗೋಡೆ. ಹುಡುಗರು ಅವರಿಗೆ ಬಾಂಬ್ ಮೇಡಂ ಎಂದು ಹೆಸರಿಟ್ಟಿದ್ದರು. ಅಕ್ಕೋರು ನನಗೆ ಹಲಗೆಯ ಮೇಲೆ ಮೂರು ಮೂಲೆಯ ಉಂಗುರವೊಂದನ್ನು ಬರೆದು ತೋರಿಸಿದ್ದರು. ಆ ದ್ರವದಲ್ಲಿ ಅಂಥ ಉಂಗುರವಿದೆಯಂತೆ. ಗಾಳಿ ಬಂದು ಸೇರಿಕೊಂಡರೆ ಅದು ಐದು ಮೂಲೆಯ ಉಂಗುರವಾಗುತ್ತದೆ, ತಣಿದಾಗ ಬಿಳಿ ಹರಳಾಗಿ ಕಾಣಿಸುತ್ತದೆ. ಹರಳು ಬಂದರೆ ಗಾಳಿ ಎದ್ದಿದೆ ಎಂದರ್ಥ.

ಸತುವಿನ ಪುಡಿಯನ್ನು ಅವರೇ ಮಾಡಿಕೊಳ್ಳುತ್ತಿದ್ದರು. ಸತುವನ್ನು ಆಸಿಡಿನಲ್ಲಿ ಕರಗಿಸಿ, ಸೋಡಾ ಹಾಕಿ, ಕೆಳಗಿಳಿದ ಬಿಳಿ ಗಸಿಯನ್ನು ಹತ್ತು ಸಲ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು ಒಣಗಿಸಬೇಕು. ನೀರನ್ನು ಕುದಿಸಿ, ಆವಿಯನ್ನು ತಣಿಸಿ, ಹನಿಹನಿಯಾಗಿ ಇಳಿಸಿದ್ದು ಡಿಸ್ಟಿಲ್ಡ್ ನೀರು. ಅದನ್ನು ಇಳಿಸುವುದು ನನ್ನ ಕೆಲಸ.

“ನೀರು ನಿಮ್ಮ ಪಾಲು, ಅಣ್ಣಾ,” ಎಂದಿದ್ದರು ಮೊದಲ ದಿನವೇ. “ನನ್ನ ಕೈಯಾಗಿಂದು ನಾ ನೋಡ್ಕೋತೀನಿ. ನೀರ ಕೆಟ್ರ ನನ್ನ ಕೈಯಾಗ ಏನೂ ಇಲ್ಲ.” ಅವರ ನೋಟ್‌ಬುಕ್ಕಿನಲ್ಲಿ ಪ್ರತಿದಿನದ ಹಾಳೆಯ ಮೇಲೆ ‘ನೀರು: ಡಿಸ್ಟಿಲ್ಡ್’ ಎಂದು ಒಂದು ಸಾಲು. ಅದರ ಮುಂದೆ ನನ್ನ ಸಹಿ. ಪ್ರಬಂಧ ಅಚ್ಚಾದಾಗ ಮೊದಲ ಪುಟದಲ್ಲಿ ನನ್ನ ಹೆಸರೂ ಇರುತ್ತದೆ ಎಂದಿದ್ದರು.

ಇಲ್ಲಿ ಮತ್ತೆ ಎದ್ದು ಹೋಗಿದ್ದೆ. ಬಂದು ಕೂತಿದ್ದೇನೆ. ಹೇಳಿಬಿಡುತ್ತೇನೆ.

ನಮ್ಮ ನೀರಿಳಿಸುವ ಯಂತ್ರ ಹಳೆಯದು. ಲೈಟು ಹೋದರೆ ನಿಲ್ಲುವುದು, ಬಂದರೆ ಫ್ಯೂಸ್ ಸುಡುವುದು. ಒಂದು ಕೊಡ ನೀರು ಇಳಿಯಬೇಕಾದರೆ ತಣಿಸಲಿಕ್ಕೆ ಹತ್ತು ಕೊಡ ಹೊರಬೇಕು. ಕೆಲವು ತಿಂಗಳು ಹೊತ್ತೆ. ಆಮೇಲೆ ಕಾಲೇಜಿನ ಹಿಂದಿನ ಬಾವಿಯ ನೀರನ್ನೇ ಗಾಳಿಸಿ ಡಿಸ್ಟಿಲ್ಡ್ ನೀರಿನ ಜಾರಿಗೆ ತುಂಬತೊಡಗಿದೆ. ಬರೀ ಮೈಗಳ್ಳತನ ಎಂದರೆ ಅರ್ಧ ನಿಜ. ಉಳಿದರ್ಧ ಇನ್ನೂ ಕೆಟ್ಟದ್ದು: ನಾನು ಮಾಡುತ್ತಿರುವುದೇ ಹೆಚ್ಚು ಶುದ್ಧ ಎಂದು ನಂಬಿದ್ದೆ. “ಗಾಳಿಸಿದ ನೀರಾಗ ಜೀವ ಇರಂಗಿಲ್ಲ. ಜೀವ ಇಲ್ಲದ ನೀರ ಶುದ್ಧ,” ಎಂದು ನನ್ನ ಅಜ್ಜಿ ಕಲಿಸಿದ್ದಳು. ಬಟ್ಟೆಯನ್ನು ಎರಡಲ್ಲ, ನಾಲ್ಕು ಪದರ ಮಾಡುತ್ತಿದ್ದೆ. ಬಟ್ಟೆಯಲ್ಲಿ ಸಿಕ್ಕ ಸಣ್ಣ ಜೀವಗಳು ಸಾಯಬಾರದೆಂದು ಅದನ್ನು ತಿರುಗಿ ಬಾವಿಗೇ ಜಾಲಾಡಿಸುತ್ತಿದ್ದೆ. ಅಷ್ಟು ನಿಷ್ಠೆ. ಆ ಬಾವಿಯದು ಸವಳು ನೀರು. ಅದರಲ್ಲಿ ಬೇಳೆ ಬೇಯುತ್ತಿರಲಿಲ್ಲ, ಸಾಬೂನು ನೊರೆ ಕೊಡುತ್ತಿರಲಿಲ್ಲ. ಬಟ್ಟೆ ಜೀವವನ್ನು ತಡೆದೀತು, ಉಪ್ಪನ್ನು ತಡೆಯುವುದಿಲ್ಲ. ಇಷ್ಟು ಸಣ್ಣ ಮಾತು ನನಗೆ ಹೊಳೆಯಲಿಲ್ಲವೋ, ಹೊಳೆಯುವುದು ಬೇಕಿರಲಿಲ್ಲವೋ.

ಅಕ್ಕೋರ ಪ್ರಯೋಗ ನಿಂತಿರುತ್ತಿದ್ದ ಪರೀಕ್ಷೆಯ ದಿನಗಳಲ್ಲಿ ಮಾತ್ರ ಖರೆ ನೀರು ಇಳಿಸುತ್ತಿದ್ದೆ. ಹೊರಗಿನ ಪರೀಕ್ಷಕರು ಬರುತ್ತಾರೆ, ಆಗ ಎಲ್ಲ ಸರಿಯಾಗಿರಬೇಕು. ಇನ್‌ಸ್ಪೆಕ್ಷನ್ ಎಂದರೆ ಸುಣ್ಣ ಬಳಿಯುವುದು ಎಲ್ಲ ಕಡೆಯ ರೂಢಿಯಲ್ಲವೇ, ಹಾಗೆ. ಅಕ್ಕೋರು ಎಂದೂ ಜಾರನ್ನು ಪರೀಕ್ಷಿಸಲಿಲ್ಲ. ನೀರಿನಲ್ಲಿ ಉಪ್ಪಿದೆಯೇ ಎಂದು ನೋಡಲು ಬೇಕಾಗುವ ಸಿಲ್ವರ್ ನೈಟ್ರೇಟ್ ದುಬಾರಿ ವಸ್ತು, ವಿಭಾಗದ ಮುಖ್ಯಸ್ಥರ ಬೀಗದ ಕಪಾಟಿನಲ್ಲಿ ಇರುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ನೀರಿನ ವಿಷಯದಲ್ಲಿ ಬಸದಿಯ ಮನುಷ್ಯ ಸುಳ್ಳು ಹೇಳುತ್ತಾನೆ ಎಂದು ಅವರಿಗೆ ಅನ್ನಿಸುವಂತಿರಲಿಲ್ಲ.

ಹರಳು ಮೊದಲ ಸಲ ಬಂದದ್ದು ಒಂದು ಬೆಳಿಗ್ಗೆ. ಹಿಂದಿನ ಸಂಜೆ ತಣಿಯಲು ಇಟ್ಟಿದ್ದ ಗಡಿಗೆಯ ಬೋಲ್ಟು ಬಿಚ್ಚಿ, ಒಳಗಿದ್ದುದನ್ನು ಗಾಜಿನ ಬಟ್ಟಲಿಗೆ ಸುರುವಿ, ಅಕ್ಕೋರು ಕಡ್ಡಿಯಿಂದ ತಳ ಗೀರಿದರು. ನೋಡುನೋಡುತ್ತಿದ್ದಂತೆ ಬಿಳಿ ಸೂಜಿಗಳು ಎದ್ದವು. ಒಂದರ ಪಕ್ಕ ಒಂದು, ಕಲ್ಲುಸಕ್ಕರೆ ಹಿಡಿದಂತೆ. ಅಕ್ಕೋರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಇನ್ನೂ ಹೊಲಿಯದ ತೂತುಗಳಲ್ಲಿ ಅವರ ನಗು ಕಾಣುತ್ತಿತ್ತು. ಆಮೇಲೆ ಒಂದು ಗಾಜಿನ ತುಣುಕಿನ ಮೇಲೆ ನಾಲ್ಕು ಹರಳಿಟ್ಟು ನನ್ನ ಅಂಗೈಗೆ ಕೊಟ್ಟರು.

“ಉಸುರು ಹರಳಾತು ನೋಡ್ರಿ, ಅಣ್ಣಾ. ನಾವು ಬಿಟ್ಟ ಉಸುರು.”

ಎರಡು ವರ್ಷ ಹರಳು ಬರುತ್ತಲೇ ಹೋದವು. ಅಕ್ಕೋರು ನೋಟ್‌ಬುಕ್ ತುಂಬಿಸಿ ಗೈಡಿಗೆ ಬರೆದರು. ಗೈಡ್ ತಮ್ಮ ಹುಡುಗರಿಂದ ಅದೇ ರೀತಿ ಮಾಡಿಸಿದರೆ ಅಲ್ಲಿ ಏನೂ ಬರಲಿಲ್ಲ. ಸತು, ಗ್ಯಾಸು, ಶಾಖ ಎಲ್ಲ ಒಂದೇ. ಕೊನೆಗೆ ಅವರೇ ಇನ್ನೊಬ್ಬ ಪ್ರೊಫೆಸರರನ್ನು ಕರೆದುಕೊಂಡು ಬಂದು ಕಣ್ಣಾರೆ ನೋಡುತ್ತೇವೆ ಎಂದರು. ಸತುವಿನ ಪುಡಿಯನ್ನೂ ತಮ್ಮ ಎದುರೇ ಹೊಸದಾಗಿ ಮಾಡಬೇಕು ಎಂದಿದ್ದರು.

ಅಕ್ಕೋರ ಮಾನದ ಪ್ರಶ್ನೆ ಇದು ಎಂದು ನನಗೂ ಗೊತ್ತಿತ್ತು. ನನ್ನಿಂದ ಕೊರತೆಯಾಗಬಾರದು ಎಂದು, ನನ್ನ ಕೈಯಿಂದಲೇ ದುಡ್ಡು ಹಾಕಿ ಫ್ಯೂಸಿನ ತಂತಿ ತಂದು ಯಂತ್ರ ರಿಪೇರಿ ಮಾಡಿದೆ. ಮೂರು ದಿನ ಕೂತು ಹನಿಹನಿ ನೀರು ಇಳಿಸಿದೆ. ಗಡಿಗೆಯ ಒಳಗೆ ಅಂಟಿದ್ದ ಬಿಳಿ ಪೊರೆಯನ್ನು ತಿಕ್ಕಿ ತಿಕ್ಕಿ ಕನ್ನಡಿ ಮಾಡಿದೆ. ಅಕ್ಕೋರು ನೋಡಿ, “ಅಣ್ಣಾ, ಗಡಗಿ ಮದಿವಿಗೆ ಹೊಂಟಂಗ ಕಾಣತೈತಿ,” ಎಂದು ನಕ್ಕರು.

ಅಂದು ಹರಳು ಬರಲಿಲ್ಲ.

ಮರುದಿನ ಮತ್ತೆ ಮಾಡಿದರು. ಬರಲಿಲ್ಲ. ಅಕ್ಕೋರು ಬಟ್ಟಲಿನ ತಳವನ್ನು ಕಡ್ಡಿಯಿಂದ ಗೀರುತ್ತಲೇ ಇದ್ದರು. ಆ ಕರಕರ ಸದ್ದು ಈಗಲೂ ಕೇಳುತ್ತದೆ. ಗೈಡ್ ಚಾ ಕುಡಿದು ಕಪ್ಪು-ಬಸ್ಸಿ ಕೆಳಗಿಟ್ಟು ಹೇಳಿದರು, “ಮೇಡಂ, ನಿಮ್ಮ ಹರಳು ಭಾಳ ನಾಚಿಕಿ ಸ್ವಭಾವದ್ವು ಕಾಣಸ್ತದ. ಮಂದಿ ಮುಂದ ಬರೂದಿಲ್ಲ.” ಜೊತೆಗೆ ಬಂದ ಪ್ರೊಫೆಸರರು ನಗಲಿಲ್ಲ, ಕೈಗಡಿಯಾರ ನೋಡಿದರು. ಹದಿನೈದು ದಿನಕ್ಕೆ ಪತ್ರ ಬಂತು: ಪ್ರಬಂಧ ಸಲ್ಲಿಸುವುದು ಬೇಡ. ಸ್ಟಾಫ್ ರೂಮಿನಲ್ಲಿ ಮಾತು ಬೆಳೆಯಿತು. “ಪ್ಯಾಟ್ಯಾಗಿಂದ ಹರಳ ತಂದ ಇಡತಿದ್ಲಂತ.” “ಡಾಕ್ಟರ್ ಆಗೂ ಆಶಾರಿ, ಮತ್ತೇನ.” ಚಾ ಒಯ್ದ ನನ್ನ ಎದುರೇ ಆಡಿದರು. ನಾನು ಕಪ್ಪು ಇಟ್ಟು ಬಂದೆ.

ಅಕ್ಕೋರು ಸುಮ್ಮನೆ ಕೂಡುವವರಲ್ಲ. ಮುಖ್ಯಸ್ಥರಿಂದ ಕಪಾಟಿನ ಕೀಲಿ ಕೇಳಿ ಪಡೆದು, ಒಂದೊಂದೇ ವಸ್ತುವನ್ನು ಪರೀಕ್ಷಿಸಿದರು. ಒಂದು ಮಧ್ಯಾಹ್ನ ನನ್ನ ಜಾರಿನ ನೀರನ್ನು ನಳಿಕೆಗೆ ಹಾಕಿ ಸಿಲ್ವರ್ ನೈಟ್ರೇಟಿನ ಒಂದು ಹನಿ ಬಿಟ್ಟರು. ಬಂದವರು ಹೋದ ಮೇಲೂ ಹೆದರಿಕೆಗೆ ನಾನು ಖರೆ ನೀರನ್ನೇ ತುಂಬಿಸುತ್ತಿದ್ದೆ. ಅದು ತಿಳಿಯಾಗಿಯೇ ಉಳಿಯಿತು. ನಳಿಕೆಯನ್ನು ಬೆಳಕಿಗೆ ಹಿಡಿದು ಅವರೆಂದರು, “ನೀರು ಚೊಲೊ ಐತ್ರಿ. ನೀರಿಂದೇನ ತಪ್ಪಿಲ್ಲ.”

ಅವರು ಪಾಠಕ್ಕೆ ಹೋದ ಮೇಲೆ ನಾನು ಬಾವಿಯ ನೀರು ತಂದು, ನಾಲ್ಕು ಪದರಿನಲ್ಲಿ ಗಾಳಿಸಿ, ಇನ್ನೊಂದು ನಳಿಕೆಗೆ ಹಾಕಿ, ಉಳಿದಿದ್ದ ಒಂದು ಹನಿ ಬಿಟ್ಟೆ. ಹನಿ ಬಿದ್ದದ್ದೇ ತಡ, ನೀರು ಮಜ್ಜಿಗೆಯಾಯಿತು. ನಳಿಕೆಯನ್ನು ಮೋರಿಗೆ ಸುರುವಿ ತೊಳೆದಿಟ್ಟೆ. ಎರಡು ವರ್ಷ ಹರಳು ಬಂದ ದಿನಗಳಿಗೂ ಬಾರದ ದಿನಗಳಿಗೂ ಇದ್ದ ವ್ಯತ್ಯಾಸ ಇದೊಂದೇ. ಯಾಕೆ ಎಂದು ನನಗೆ ತಿಳಿಯಲಿಲ್ಲ. ಯಾವುದರಿಂದ ಎಂಬುದು ತಿಳಿಯಿತು.

ಅಂದೇ ಹೇಳಬಹುದಿತ್ತು. ನನ್ನ ನೌಕರಿ ಆಗಿನ್ನೂ ಕಾಯಂ ಆಗಿರಲಿಲ್ಲ. ನೋಟ್‌ಬುಕ್ಕಿನಲ್ಲಿ ಎರಡು ವರ್ಷದ ಸುಳ್ಳು ಸಹಿ. ಕಾಯಂ ಆರ್ಡರ್ ಬಂದ ಮೇಲೆ ಹೇಳುತ್ತೇನೆ ಎಂದುಕೊಂಡೆ. ಆರ್ಡರ್ ಬಂತು. ಹೇಳಲಿಲ್ಲ. ಅಂದಮೇಲೆ ಕಾರಣ ನೌಕರಿಯಲ್ಲ. ‘ನೀರಿಂದೇನ ತಪ್ಪಿಲ್ಲ’ ಎಂದಾಗ ಅವರ ಮುಖದಲ್ಲಿದ್ದ ನಂಬಿಕೆಯನ್ನು ಒಡೆಯುವ ಧೈರ್ಯ ನನಗಿರಲಿಲ್ಲ.

ಅಕ್ಕೋರು ತಿಂಗಳುಗಟ್ಟಲೆ ಮಾಡಿದರು. ನಾನು ತಿಂಗಳುಗಟ್ಟಲೆ ಶುದ್ಧ ನೀರು ಕೊಟ್ಟೆ. ಜೀವನದಲ್ಲಿ ಮೊದಲ ಸಲ ಪ್ರಾಮಾಣಿಕವಾಗಿ ಕೆಲಸ ಮಾಡಿದೆ, ಅದೇ ಅವರನ್ನು ಮುಗಿಸುತ್ತಿತ್ತು. ಅವರು ತೆಳ್ಳಗಾದರು. ಸೆರಗಿನ ತೂತುಗಳನ್ನು ಹೊಲಿಯುವುದು ನಿಂತಿತು. ಒಂದು ದಿನ ತಮ್ಮ ಬೆರಳುಗಳನ್ನೇ ನೋಡಿಕೊಳ್ಳುತ್ತ ಕೇಳಿದರು, “ಅಣ್ಣಾ, ನಾವು ಖರೇನ ನೋಡಿದ್ವಿಲ್ಲೊ? ನಿಮ್ಮ ಕೈಯಾಗ ಇಟ್ಟಿದ್ನೆಲ್ಲೊ?”

“ನೋಡೇವ್ರಿ ಅಕ್ಕೋರ. ಇಟ್ಟಿದ್ರಿ.”

ಅವತ್ತು ತಡೆಯಲಾಗಲಿಲ್ಲ. ಜಾರನ್ನು ಬರಿದು ಮಾಡಿ ಬಾವಿ ನೀರು ತುಂಬಿದೆ. ಆ ವಾರದ ಪುಡಿಯನ್ನು ಅವರು ಅದರಲ್ಲೇ ತೊಳೆದರು. ನಾಲ್ಕನೆಯ ದಿನ ಬೆಳಿಗ್ಗೆ ಕಡ್ಡಿ ತಾಗಿಸಿದ್ದೇ ತಡ, ಬಟ್ಟಲಿನ ತುಂಬ ಬಿಳಿ ಸೂಜಿಗಳು.

ಅಕ್ಕೋರು ಹರಳನ್ನು ನೋಡಲಿಲ್ಲ. ನನ್ನನ್ನು ನೋಡಿದರು. “ಅಣ್ಣಾ, ಏನರ ಬ್ಯಾರೆ ಮಾಡಿದ್ರಿ? ಗಡಗಿ, ನೀರು, ಏನರ?”

ಬಾಯಿ ತೆರೆದರೆ ಸಾಕಿತ್ತು. “ಏನಿಲ್ರಿ ಅಕ್ಕೋರ,” ಎಂದೆ. “ದಿನಾ ಹ್ಯಾಂಗೊ ಹಂಗ.”

ಅವರು ಹರಳುಗಳನ್ನು ಕಾಗದದಲ್ಲಿ ಕಟ್ಟಿ ಪರ್ಸಿನಲ್ಲಿಟ್ಟುಕೊಂಡರು. ಯಾರಿಗೂ ತೋರಿಸಲಿಲ್ಲ, ಗೈಡಿಗೆ ಬರೆಯಲಿಲ್ಲ. ಆ ವಾರವೇ ಉಸುಕಿನ ಚೀಲಗಳನ್ನು ಖಾಲಿ ಮಾಡಿಸಿದರು, ಗಡಿಗೆಯನ್ನು ಅಟ್ಟಕ್ಕೆ ಹಾಕಿಸಿದರು. ಹರಳು ಬಂದ ಮೇಲೂ ಯಾಕೆ ಬಿಟ್ಟರು ಎಂಬುದು ನನಗೆ ಬಹಳ ವರ್ಷ ಅರ್ಥವಾಗಲಿಲ್ಲ. ಪಾಠ ಮಾತ್ರ ಮುಂಚಿನಂತೆಯೇ ಹೇಳಿದರು. ಅಳಿಯನ ಕತೆಯನ್ನು ಮತ್ತೆಂದೂ ಹೇಳಲಿಲ್ಲ. ಕ್ಷಮಾವಣಿಯ ದಿನ ಮಾತ್ರ ತಪ್ಪದೆ ನನ್ನ ಸ್ಟೂಲಿನ ಮುಂದೆ ಬಂದು ಕೈ ಮುಗಿದರು. ನಾನೂ ಪ್ರತಿವರ್ಷ ಎದ್ದು ನಿಂತು ಅದೇ ಮಾತು ಹೇಳಿದೆ. ಬಾಯಿಗೆ ರೂಢಿಯಾದ ಮಾತು ಎಷ್ಟು ಸುಲಭವಾಗಿ ಬರುತ್ತದೆ, ಏನನ್ನೂ ಹೊತ್ತು ತರದೆ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಅಕ್ಕೋರಿಗೆ ಕಾಯಿಲೆಯಾಯಿತು. ರಜೆ ಹಾಕಿ ಶೇಡಬಾಳಕ್ಕೆ ಹೋದರು. ಅದೇ ದಿನಗಳಲ್ಲಿ, ಹಿಂದೆ ತೊಟ್ಟಿಯ ಬಳಿ ‘ಯಾರು ಎಬ್ಬಸ್ತಾರ್ರಿ’ ಎಂದು ಕೇಳಿದ್ದ ಹುಡುಗ ಯಾವುದೋ ಸರ್ಟಿಫಿಕೇಟಿಗಾಗಿ ಕಾಲೇಜಿಗೆ ಬಂದ. ಪುಣೆಯ ಕಡೆ ದೊಡ್ಡ ಲ್ಯಾಬಿನಲ್ಲಿ ಕೆಲಸಕ್ಕಿದ್ದ.

“ಮಾಮಾ, ಮೇಡಂ ಅವರ ಅಳಿಯನ್ನ ಎಬ್ಬಸೂದ ಈಗ ನನ್ನ ಕೆಲಸ,” ಎಂದ ನಗುತ್ತ.

“ಎದ್ದಾನೇನಪಾ?”

“ಎದ್ದಾನ್ರಿ. ಆದ್ರ ನಾದಿನಿ ಒಬ್ಬಾಕಿ ಕೈಲೆ ಆಗಂಗಿಲ್ಲ. ಸತುವಿನ ಜೋಡಿ ಒಂದೀಟ ಉಪ್ಪ ಬೇಕ. ಕ್ಲೋರೈಡೊ ಬ್ರೋಮೈಡೊ, ಏನರ. ಮೊದಲ ಉಪ್ಪು ಆ ಮೂರ ಮೂಲಿ ಉಂಗುರದ ಬಾಯಿ ತಗಸತೈತಿ, ಆಮ್ಯಾಲ ಗಾಳಿ ಒಳಗ ಬರತೈತಿ.”

ನಾನು ಕೇಳಿದೆ: “ಸತುವಿನ ಪುಡಿನ ಸವಳ ನೀರಾಗ ತೊಳದ್ರ?”

“ಉಪ್ಪ ಹತ್ತಿಕೊಂಡೀತು. ಹರಳೂ ಬಂದೀತು. ಯಾಕ್ರಿ ಮಾಮಾ?”

“ಏನಿಲ್ಲ,” ಎಂದೆ. ಮತ್ತೆ ಅದೇ ಮಾತು.

ಆ ಸಲದ ಕ್ಷಮಾವಣಿಯ ದಿನ ಬೆಳಿಗ್ಗೆಯೇ ಹೊರಟೆ. ಚೀಲದಲ್ಲಿ ಒಂದು ಬಾಟ್ಲಿಯ ತುಂಬ ಆ ಬಾವಿಯ ನೀರು. ಬಸ್ಸಿನಲ್ಲಿ ಕೂಡಲಾಗದೆ ಕಾಗವಾಡದವರೆಗೂ ನಿಂತೇ ಹೋದೆ, ಸೀಟು ಖಾಲಿಯಿದ್ದರೂ. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಹೊಂದಿಸಿಕೊಂಡಿದ್ದೆ: ಅಕ್ಕೋರ, ನೀವು ಕಂಡದ್ದು ಖರೆ, ಉಪ್ಪು ನನ್ನ ನೀರಿನದು, ಈ ಬಾಟ್ಲಿ ನೋಡ್ರಿ. ಆ ಮಾತು ಕೇಳಿದರೆ ಅವರು ಎದ್ದು ಕೂಡುತ್ತಾರೆ ಎಂದೂ ನನಗೆ ಗೊತ್ತಿತ್ತು. ಸಿಟ್ಟು ಆಮೇಲೆ ಬರುತ್ತಿತ್ತು. ಮೊದಲು ನೋಟ್‌ಬುಕ್ ತರಿಸುತ್ತಿದ್ದರು.

ಬಾಗಿಲಲ್ಲಿ ಅವರ ಅತ್ತಿಗೆ ಚೀಲ ನೋಡಿ, “ಬಾಟ್ಲಿ ತಂದೀರಲ್ರಿ ಅಣ್ಣಾರ! ನಮ್ಮ ಮನಿ ನೀರ ಗಾಳಿಸಿದ್ದ ಐತಿ, ಬೇಕಾದ್ರ ಕುಡದ ನೋಡ್ರಿ,” ಎಂದು ನಕ್ಕರು. ಒಳಗೆ ಅಕ್ಕೋರು ಮಂಚದ ಮೇಲಿದ್ದರು. ಹೊದ್ದಿದ್ದ ಹಳೆಯ ಸೀರೆಯ ಮೇಲೆ ಕೆಂಪು ಹಸಿರು ಗಂಟುಗಳು. ನನ್ನನ್ನು ಕಂಡು ಎರಡೂ ಕೈ ಎತ್ತಿದರು. ನಾನು ಬಾಯಿ ತೆರೆಯುವ ಮೊದಲೇ ಅವರು ತೆರೆದರು.

“ಅಣ್ಣಾ, ಬಂದದ್ದ ಚೊಲೊ ಆತು. ಇವತ್ತ ಒಂದ ಮಾತ ಕೇಳಬೇಕಿತ್ತು. ಕಡೀಕ ಬಂದ ಆ ಹರಳು, ನೆನಪೈತಿ? ಅದನ್ನ ನೀವ ಹಾಕಿದ್ರಿ ಅಂತ ತಿಳದಿದ್ನಿ. ನನ್ನ ದುಃಖ ನೋಡಲಾರದ ಹಳೀ ಹರಳ ತಂದ ಗಡಗ್ಯಾಗ ಹಾಕೀರಿ ಅಂತ. ಮಂದಿ ನನಗ ಏನ ಅಂದ್ರೊ, ಅದನ್ನ ನಾ ನಿಮಗ ಅಂದ್ಕೊಂಡೆ. ಇಷ್ಟ ವರ್ಷ ಮನಸ್ಸಿನ್ಯಾಗ ಇಟ್ಕೊಂಡ, ಬರೇ ಬಾಯಿಲೆ ಕ್ಷಮಾ ಕೇಳಿದ್ನಿ. ಸುಳ್ಳ ಹೇಳಲಾರದ ಮನಶ್ಯಾನ ಮ್ಯಾಲ ಸಂಶಯ ಪಟ್ಟೆ. ಕ್ಷಮಾ ಮಾಡ್ರಿ.”

ಚೀಲ ನನ್ನ ತೊಡೆಯ ಮೇಲಿತ್ತು. ಬಾಟ್ಲಿ ಕೈಗೆ ತಣ್ಣಗೆ ಹತ್ತುತ್ತಿತ್ತು. ಅವರು ನನ್ನ ಮುಖವನ್ನೇ ನೋಡುತ್ತಿದ್ದರು, ಉತ್ತರಕ್ಕಾಗಿ.

“ಇರ್ಲಿ ಬಿಡ್ರಿ, ಅಕ್ಕೋರ,” ಎಂದೆ. “ಕ್ಷಮಾ ಮಾಡೇನಿ.”

ಅವರು ಕಣ್ಣು ಮುಚ್ಚಿ ನಿರಾಳವಾಗಿ ಉಸಿರು ಬಿಟ್ಟರು. ಕಾಗವಾಡದ ಸ್ಟ್ಯಾಂಡಿನಲ್ಲಿ ನಾನು ಬಾಟ್ಲಿಯನ್ನು ನೆಲಕ್ಕೆ ಸುರುವಿದೆ. ದೀಪಾವಳಿಗೆ ಇನ್ನೂ ಕೆಲವು ದಿನವಿರುವಾಗ ಅಕ್ಕೋರು ತೀರಿಕೊಂಡರು.

ಅಂದು ಸ್ಟಾಫ್ ರೂಮಿನಲ್ಲಿದ್ದವರು ಯಾರಾದರೂ ಇದನ್ನು ಓದುತ್ತಿದ್ದರೆ ತಿಳಿದುಕೊಳ್ಳಿ: ಹರಳು ಖರೆ ಇದ್ದವು. ನಾನು ಅಂಗೈಯಲ್ಲಿ ಹಿಡಿದಿದ್ದೇನೆ. ಸುಳ್ಳಿದ್ದದ್ದು ನನ್ನ ಸಹಿ.

ಈಗ ಪ್ರತಿ ಕ್ಷಮಾವಣಿಗೆ ಓಣಿಯ ಮನೆಮನೆಗೂ ಹೋಗಿ ಕೈ ಮುಗಿಯುತ್ತೇನೆ. ಹೆಂಡತಿಗೆ, ಸೊಸೆಗೆ, ಜಗಳವಾಡಿದ ಹೊಲದ ಪಕ್ಕದವನಿಗೆ, ಹಾಲು ಹಾಕುವವನಿಗೆ. ಒಂದು ವರ್ಷ ಆ ಬಾವಿಯ ಕಟ್ಟೆಗೂ ಕೈ ಮುಗಿದು ಬಂದೆ. ನಾನು ಕ್ಷಮೆ ಕೇಳದ ಮನುಷ್ಯರು ಇನ್ನು ಉಳಿದಿಲ್ಲ, ಒಬ್ಬರನ್ನು ಬಿಟ್ಟು.

ಅಕ್ಕೋರು.